ಅಳಿಸದೆ ಉಳಿದ ಸಾಲು

ಸಹಿ ಹಾಕುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅವರು ಪೆನ್ನು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಬೂದು ಬಣ್ಣದ ಹಳೆಯ ಕೋಟು, ಅದರ ಎಡಜೇಬಿನಲ್ಲಿ ಮೊಂಡಾದ ಎರಡು ಪೆನ್ಸಿಲ್ಲು, ಬಲಜೇಬಿನಲ್ಲಿ ಸವೆದ ರಬ್ಬರು. ಕರವಸ್ತ್ರ ತೆಗೆದರೆ ಅದರ ಜೊತೆಗೆ ರಬ್ಬರಿನ ಕರಿಪುಡಿಯೂ ಉದುರುತ್ತಿತ್ತು. ‘ಪೆನ್ಸಿಲ್ ಮೇಷ್ಟ್ರು’ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಅವರ ಹೆಂಡತಿಯೇ ಒಮ್ಮೆ ಫೋನು ಮಾಡಿ, “ಪೆನ್ಸಿಲ್ ಮೇಷ್ಟ್ರು ಇದ್ದಾರಾ?” ಎಂದು ಕೇಳಿದ ಮೇಲೆ ಆ ಹೆಸರು ಕಚೇರಿಯಲ್ಲಿ ಕಾಯಂ ಆಯಿತು.

ಇಪ್ಪತ್ತು ವರ್ಷ ಗಣಿತ ಕಲಿಸಿ ನಮ್ಮ ಶಿಕ್ಷಣ ಯೋಜನಾ ವಿಭಾಗಕ್ಕೆ ಬಂದವರು ಅವರು. ಶಾಲೆಗಳಿಗೆ ಹೊಸ ಯಂತ್ರವೋ ಹೊಸ ತಂತ್ರವೋ ಹೋದಾಗ, ಯೋಜನೆ ಇನ್ನೂ ನಡೆಯುತ್ತಿರುವಾಗಲೇ ತರಗತಿಯಲ್ಲಿ ಕೂತು ನೋಡಿ, ಅದು ಎಲ್ಲಿ ಎಡವುತ್ತಿದೆಯೆಂದು ಹುಡುಕಿ, ಕಾಲ ಮಿಂಚುವ ಮೊದಲೇ ತಿದ್ದಿಸುವುದು ಅವರ ಕೆಲಸ. ಪಾಸು, ಫೇಲು ಎಂದು ತೀರ್ಪು ಕೊಡಲು ಕೊನೆಯಲ್ಲಿ ಬೇರೆಯವರು ಬರುತ್ತಿದ್ದರು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?” ಎಂಬ ಮಾತು ದಿನಕ್ಕೆ ನಾಲ್ಕು ಸಲವಾದರೂ ಅವರ ಬಾಯಲ್ಲಿ ಬರುತ್ತಿತ್ತು, ನಾಲ್ಕನೆಯ ಸಲ ನಾವೆಲ್ಲ ದನಿಗೂಡಿಸುತ್ತಿದ್ದೆವು, ಅವರೂ ನಗುತ್ತಿದ್ದರು. ಪಾಠದ ನಡುವೆ ಸದ್ದಾಗದಂತೆ ನುಸುಳಿ ಹಿಂದಿನ ಬೆಂಚು ಸೇರುವ ಅಭ್ಯಾಸ ಅವರ ಮೈಗೆ ಎಷ್ಟು ಅಂಟಿತ್ತೆಂದರೆ, ಖಾಲಿ ಬೀದಿಯಲ್ಲೂ ಒಂದು ಹೆಗಲು ಮುಂದಿಟ್ಟು ಗೋಡೆ ಸವರಿಕೊಂಡೇ ನಡೆಯುತ್ತಿದ್ದರು.

ಅವರದೊಂದು ವಿಚಿತ್ರ ಹಟವಿತ್ತು. ಕಂಡ ಕೊರತೆಯನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುವರು. ಅದು ಸರಿಹೋಯಿತೆಂದು ಗೊತ್ತಾದರೆ ಅದೇ ಶಾಲೆಗೆ ಮತ್ತೆ ಹೋಗಿ, ಕಣ್ಣಾರೆ ಕಂಡು, ಅಲ್ಲಿಯೇ ಕೂತು ಆ ಸಾಲನ್ನು ಅಳಿಸಿಬಿಡುವರು.

“ದಾಖಲೆಗೆ ಬೇಡವಾ ಸರ್?” ಎಂದು ನಾನೊಮ್ಮೆ ಕೇಳಿದ್ದೆ.

“ಸರಿ ಹೋಯ್ತಲ್ಲಪ್ಪ, ಇನ್ನು ಯಾರ ಮೇಲೆ ಚಾಡಿ ಹೇಳ್ಲಿ?” ಎಂದಿದ್ದರು.

ತರಗತಿಗೊಂದು ದೊಡ್ಡ ಪರದೆ ಹಾಕಿ, ಸಿದ್ಧಪಾಠಗಳನ್ನು ಅದರ ಮೇಲೆ ಓಡಿಸುವ ಯೋಜನೆ ಬಂದ ವರ್ಷ ನಾನೂ ಅವರ ಜೊತೆ ಹೋಗುತ್ತಿದ್ದೆ. ಮೊದಲ ಹಂತ ನಲವತ್ತು ಶಾಲೆ, ಎರಡನೆಯದು ನಾನೂರು. ಒಂದು ಶಾಲೆಯಲ್ಲಿ ಏಳನೆಯ ತರಗತಿಯ ವಿಜ್ಞಾನದ ಟೀಚರು ಪರದೆಯನ್ನು ಆರಿಸಿಟ್ಟು, ಸೀಮೆಸುಣ್ಣ ಹಿಡಿದು ಪಾಠ ಮಾಡುತ್ತಿದ್ದರು. ಏಕೆಂದು ಕೇಳಿದರೆ ಬಾಯಿ ಬಿಡಲೊಲ್ಲರು.

“ಹೇಳಿದ್ರೆ ನನ್ನ ಮೇಲೇ ಬರುತ್ತೆ ಸರ್.”

“ಪರೀಕ್ಷೆ ನಿಮಗಲ್ಲಮ್ಮ, ಯೋಜನೆಗೆ. ನಿಮ್ಮ ಮೇಲೆ ಬರದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಹೇಳಿ.”

ಆಗ ಆಕೆ ಹೇಳಿದರು. ಪಾಠ ನಲವತ್ತು ನಿಮಿಷದ್ದು. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಶುರುವಾಗುತ್ತದೆ. ಮಕ್ಕಳು ಕೈ ಎತ್ತಿದರೆ ‘ಆಮೇಲೆ, ಆಮೇಲೆ’ ಎನ್ನಬೇಕು. ಒಂದು ತಿಂಗಳಲ್ಲಿ ಮಕ್ಕಳು ಕೈ ಎತ್ತುವುದನ್ನೇ ಬಿಟ್ಟರು. ಅದನ್ನು ನೋಡಲಾರದೆ ತಾನು ಪರದೆ ಆರಿಸಿದೆನೆಂದರು. ಪೆನ್ಸಿಲ್ ಮೇಷ್ಟ್ರು ಆಕೆಯ ಎದುರಿಗೇ ಬರೆದುಕೊಂಡರು: ‘ಪಾಠವನ್ನು ನಡುವೆ ನಿಲ್ಲಿಸುವಂತಾಗಬೇಕು. ಪ್ರಶ್ನೆ ಇರುವ ಮಗು ಕಾಯುತ್ತಿದೆ.’

ಎಲ್ಲ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ವರದಿ ಮಾಡುವ ಹೊಣೆ ನನ್ನದು. ಎರಡನೆಯ ಹಂತದ ಸಭೆಗೆ ಎಂಟು ದಿನವಿತ್ತು. “ಈಗ ಹುಳುಕು ತೆಗೀಬೇಡಿ, ಎಲ್ಲ ನಿಂತುಹೋಗುತ್ತೆ,” ಎಂದರು ಮುಖ್ಯಸ್ಥರು. ನಾನು ಗೋಣು ಆಡಿಸಿದೆ. ಯಾವ ತರಗತಿಯಲ್ಲಿ ಪರದೆ ಎಷ್ಟು ಗಂಟೆ ಆರಿತ್ತು ಎಂಬ ಲೆಕ್ಕಕ್ಕೆ ಕೋಷ್ಟಕದಲ್ಲಿ ಜಾಗವಿತ್ತು, ತುಂಬಿದೆ. ಏಕೆ ಆರಿತ್ತು ಎನ್ನುವುದಕ್ಕೆ ಜಾಗವಿರಲಿಲ್ಲ, ಬಿಟ್ಟೆ. ಜಾಗ ಮಾಡಬಹುದಿತ್ತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಮೇಷ್ಟ್ರು ಎರಡು ಸಲ ನನ್ನ ಮೇಜಿನ ಬಳಿ ಬಂದು, “ಆ ನಿಲ್ಲಿಸೋ ವಿಷಯ ಹೋಯ್ತಾ?” ಎಂದು ಕೇಳಿದರು. “ಹೋಗಿದೆ ಸರ್,” ಎಂದೆ. ನಂಬಿದರು.

ಪರದೆಗಳು ನಾನೂರು ಶಾಲೆಗೆ ಹೋದವು, ನಾನೂರು ಶಾಲೆಯಲ್ಲೂ ಮಕ್ಕಳ ಕೈ ಕೆಳಗಿಳಿಯಿತು. ಮೂರನೆಯ ವರ್ಷ ತೀರ್ಪಿನವರು ಬಂದು, ನನ್ನ ಕೋಷ್ಟಕವನ್ನೇ ಮುಂದಿಟ್ಟುಕೊಂಡು, ‘ಶಿಕ್ಷಕರ ನಿರಾಸಕ್ತಿಯೇ ವೈಫಲ್ಯಕ್ಕೆ ಕಾರಣ’ ಎಂದು ಬರೆದರು. ಅತಿ ಹೆಚ್ಚು ಗಂಟೆ ಪರದೆ ಆರಿಸಿಟ್ಟ ಆ ಟೀಚರನ್ನು ತರಗತಿಯಿಂದ ಬಿಡಿಸಿ ಉಗ್ರಾಣದ ಉಸ್ತುವಾರಿಗೆ ಹಾಕಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಾನು ಮುಖ್ಯಸ್ಥರಿಗೆ ವಿವರಣೆಯ ಪತ್ರ ಬರೆದೆ, ಉತ್ತರ ಬರಲಿಲ್ಲ.

ವರದಿಯಲ್ಲಿ ಆ ಮಾತನ್ನು ಬಿಟ್ಟಿದ್ದೆನೆಂದು ಮೇಷ್ಟ್ರಿಗೆ ನಾನೇ ಹೇಳಿದೆ. ಬೈಯಲಿಲ್ಲ. ಕೋಟು ಹಾಕಿಕೊಂಡು, “ಬನ್ನಿ,” ಎಂದರು, ಅಷ್ಟೆ. ಮುರಿದ ಬೆಂಚುಗಳ ನಡುವೆ ಪಟ್ಟಿ ಮಾಡುತ್ತ ಕೂತಿದ್ದ ಆ ಟೀಚರ ಮುಂದೆ ನಿಂತು, “ನನ್ನ ಮಾತು ನಡೀಲಿಲ್ಲಮ್ಮ, ತಪ್ಪಾಯ್ತು,” ಎಂದರು. ನನ್ನ ಹೆಸರು ಹೇಳಲಿಲ್ಲ.

ಆಕೆ ತಲೆಯೆತ್ತಿ, “ನೀವು ಬರ್ಕೊಂಡಿದ್ದನ್ನ ನಾನೇ ನೋಡಿದ್ದೀನಿ ಸರ್. ನಿಮ್ಮದೇನೂ ತಪ್ಪಿಲ್ಲ,” ಎಂದರು. ಮತ್ತೆ ಪಟ್ಟಿಯತ್ತ ಬಾಗಿ, “ಆದ್ರೂ ನಾನು ಹೇಳಬಾರದಿತ್ತು,” ಎಂದರು. ಆ ಕ್ಷಣ ನಾನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ವಾಪಸು ಬರುವಾಗ ಮೇಷ್ಟ್ರು ಗೋಡೆ ಬಿಟ್ಟು ನಡುರಸ್ತೆಯಲ್ಲೇ ನಡೆದರು, ಎರಡು ಸಲ ಕೈಹಿಡಿದು ಪಕ್ಕಕ್ಕೆಳೆಯಬೇಕಾಯಿತು.

ನಿವೃತ್ತರಾದ ದಿನ ಆ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಪುಟ ಪುಟವೂ ಖಾಲಿ; ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿ ಬರೆದ ಗುರುತು ಮಾತ್ರ ತೆಳ್ಳಗೆ ಕಾಣುತ್ತದೆ. ಎಲ್ಲೋ ತಿರುಗಿಸಿಟ್ಟ ಮೇಜು, ಎಲ್ಲೋ ದೊಡ್ಡದಾಗಿಸಿದ ಅಕ್ಷರ, ಎಲ್ಲೋ ಬದಲಾದ ವೇಳಾಪಟ್ಟಿ. ಕೊನೆಯ ಪುಟದಲ್ಲಿ ಒಂದೇ ಸಾಲು ಅಳಿಯದೆ ಇದೆ, ಆ ಮಗು ಇನ್ನೂ ಕಾಯುತ್ತಿದೆ. ಹಾದಿಯ ನಡುವೆ ತಡೆದು ತಿದ್ದುವ ಇಂಥ ಜನರ ಗೆಲುವುಗಳಿಗೆ ಸಾಕ್ಷಿಯಿರುವುದಿಲ್ಲ, ಏಕೆಂದರೆ ತಪ್ಪು ಆಗಲೇ ಇಲ್ಲವಲ್ಲ. ಅವರ ಕೈಬರಹವೆಂದು ಲೋಕದಲ್ಲಿ ಉಳಿಯುವುದು, ನಮ್ಮಂಥವರು ಕಿವಿಗೆ ಹಾಕಿಕೊಳ್ಳದೆ ಹೋದ ಮಾತು ಮಾತ್ರ.