ಬಣ್ಣವಿಲ್ಲದ ನೀರು

ಖಾಲಿ ಬಾಟಲಿ ನೋಡಿಬರುವುದಕ್ಕೂ ಸಂಬಳ ಕೊಡುವವರಿದ್ದಾರಾ ಎಂದು ಊಟಕ್ಕೆ ಕೂತಾಗಲೆಲ್ಲ ತಮ್ಮ ಅವಳನ್ನು ರೇಗಿಸುತ್ತಿದ್ದ. ಇದ್ದಾರೆ. ಅಣುಸ್ಥಾವರದ ಕಸ ಹೂತ ದಿಬ್ಬದ ಮೇಲೆ ಜೇಡಿಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದರು. ಮಳೆನೀರನ್ನು ಹುಲ್ಲೇ ಕುಡಿದು ಮುಗಿಸಬೇಕು, ಕೆಳಗಿನ ವಿಷಕ್ಕೆ ಹನಿಯೂ ತಾಗಬಾರದು. ತಾಗಿದರೆ ಆ ವಿಷ ಇಳಿಜಾರಿನ ಊರಿನ ಬಾವಿಗಳನ್ನು ಹುಡುಕಿಕೊಂಡು ಹೋಗುತ್ತದೆ. ಹೊದಿಕೆ ದಾಟಿ ಇಳಿದ ನೀರನ್ನು ಹಿಡಿಯಲು ಅದರಡಿ ಹೂತ ತಟ್ಟೆಯಿಂದ ಕೊಳವೆಯೊಂದು ಹೊರಬಂದು ಆ ಬಾಟಲಿಗೆ ಬಾಯಿಟ್ಟಿತ್ತು. ಅದು ಖಾಲಿಯಿದ್ದಷ್ಟು ದಿನ ಎಲ್ಲರೂ ಕ್ಷೇಮ.

ಆ ಬೆಳಿಗ್ಗೆ ಬಾಟಲಿಯಲ್ಲಿ ನೀರಿತ್ತು. ಅವಳು ಗೇಟಿನತ್ತ ಓಡಿದಳು.

ಗೇಟು ಕಾಯುತ್ತಿದ್ದವನು ಅವಳ ಸೋದರಮಾವ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಬಿಸಿಲಿಗೆ ಹುಲ್ಲು ಒಣಗ್ತಿತ್ತಲ್ಲಮ್ಮಾ, ನೋಡಕ್ಕಾಗ್ಲಿಲ್ಲ. ದಿನಾ ಎರಡು ಬಿಂದಿಗೆ ಹಾಕ್ತಿದ್ದೆ."

"ಒಂದು ಮಾತು ಕೇಳಬಾರದಿತ್ತಾ ಮಾವ?"

"ಹುಲ್ಲಿಗೆ ನೀರು ಹಾಕೋದಕ್ಕೂ ಕೇಳ್ಬೇಕಾ!"

ಇದನ್ನು ಕೇಳಿ ಸ್ಥಾವರದ ಸಾಹೇಬರಿಗಂತೂ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅದು ಅವನ ಬಿಂದಿಗೆ ನೀರೇ ಬಿಡಿ. ಅವನನ್ನ ಮನೆಗೆ ಕಳಿಸಿ, ವರದಿ ಮುಗಿಸಿ."

ಹೌದೆಂದರೆ ಮಾವನ ಅನ್ನ ಹೋಗುತ್ತದೆ. ಅಲ್ಲವೆಂದರೆ ಮಳೆನೀರಿಗೇ ದಿಬ್ಬ ಸೋರುತ್ತಿದೆ ಎಂದಾಗುತ್ತದೆ. ಅತ್ತ ದರಿ, ಇತ್ತ ಪುಲಿ.

"ಅಳೆದು ಹೇಳ್ತೀನಿ ಸಾರ್" ಎಂದಳು.

ಬಾಟಲಿ ಖಾಲಿ ಮಾಡಿಟ್ಟು, ಮಣ್ಣು ಹೀರಿಕೊಳ್ಳದ ಹಸಿರು ಬಣ್ಣವನ್ನು ಮಾವನ ಬಿಂದಿಗೆಗೆ ಬೆರೆಸಿ, "ಅದೇ ಜಾಗಕ್ಕೆ, ದಿನಾ ಹಾಕ್ತಿದ್ದ ಹಾಗೇ ಹಾಕು" ಎಂದಳು. ಕೆಳಗೆ ಹಸಿರು ಬಂದರೆ ನೀರು ಅವನದು. ತಿಳಿಯಾಗಿ ಬಂದರೆ ಮಳೆಯದು, ಅವನದಲ್ಲ. ವಾರಗಳು ಕಳೆದವು, ನಡುವೆ ಮಳೆಯೂ ಬಂದುಹೋಯಿತು. ತಿಳಿಯಾಗಿಯೇ ಬರಲಪ್ಪಾ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಅಮ್ಮ ಹೋದ ಮೇಲೆ ಅವಳನ್ನೂ ತಮ್ಮನನ್ನೂ ಸಾಕಿದ್ದು ಈ ಮಾವನೇ.

ಕೊನೆಗೊಂದು ದಿನ ಬಾಟಲಿ ಮತ್ತೆ ಅಷ್ಟೇ ತುಂಬಿತ್ತು. ಬಿಸಿಲಿಗೆ ಹಿಡಿದು ನೋಡಿದಳು. ಹಸಿರಿನ ಸುಳಿವೂ ಇರಲಿಲ್ಲ.

"ನಂದಲ್ಲ! ನೋಡಿದ್ಯಾ, ನಂದಲ್ಲ!" ಮಾವ ಮಗುವಿನ ಹಾಗೆ ಕುಣಿದುಬಿಟ್ಟ. ಕುಣಿದು ಬಾಯಾರಿ, ಮನೆಯಿಂದ ತಂದಿದ್ದ ನೀರನ್ನು ಗಟಗಟ ಕುಡಿದು, ಉಳಿದದ್ದನ್ನು ಅವಳತ್ತ ಚಾಚಿದ. "ತಗೋ, ಕುಡಿ. ನಮ್ಮ ಬಾವೀದು."

ಮಾವನ ಮನೆ ಇದ್ದದ್ದು ಆ ಇಳಿಜಾರಿನ ಊರಿನಲ್ಲೇ. ಅವಳ ಒಂದು ಕೈಯಲ್ಲಿ ದಿಬ್ಬದ ನೀರು, ಇನ್ನೊಂದರಲ್ಲಿ ಬಾವಿಯ ನೀರು. ಎರಡೂ ಒಂದೇ ಥರ ತಿಳಿಯಾಗಿದ್ದವು. ತಿಳಿಯಾಗಿ ಬರಲೆಂದು ಬೇಡಿಕೊಂಡದ್ದು ತಾನೇ ಎಂಬುದು ನೆನಪಾಗಿ ಅವಳಿಗೆ ಅಳು ಬಂತು.

"ಇನ್ಮೇಲೆ ಇದನ್ನ ಕುಡೀಬೇಡ ಮಾವ" ಎಂದಳು.