ನಲವತ್ತೇಳನೆಯ ಪ್ರಶ್ನೆ

ಹೊಸದೇನಾದರೂ ಬರುತ್ತದೆ ಎಂದರೆ ನಮ್ಮ ಗ್ರಂಥಾಲಯದಲ್ಲಿ ಎಲ್ಲರಿಗೂ ಜ್ವರ ಬರುತ್ತದೆ, ನನಗೊಬ್ಬಳಿಗೆ ಹಸಿವಾಗುತ್ತದೆ. ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಕಾರ್ಡಿನ ಡಬ್ಬಗಳು ಹೋಗಿ ಕಂಪ್ಯೂಟರ್ ಬಂದ ದಿನ ಎಲ್ಲರಿಗಿಂತ ಮೊದಲು ಕೀಲಿ ಒತ್ತಿದವಳು ನಾನೇ. ಒಂದೇ ಒತ್ತಿಗೆ ಸಾವಿರದ ಇನ್ನೂರು ಪುಸ್ತಕಗಳನ್ನು ತೋಟಗಾರಿಕೆ ವಿಭಾಗಕ್ಕೆ ಸೇರಿಸಿದವಳೂ ನಾನೇ. ಆಮೇಲೆ ಮೂರು ವಾರ ಕೂತು ಸರಿಮಾಡಿದೆ. ನೀರಿಗಿಳಿಯದೆ ಈಜು ಬರುತ್ತದೆಯೇ?

ಹೀಗಾಗಿ ಈ ವರ್ಷ ಕೇಂದ್ರ ಕಚೇರಿಯವರು ಮೂರು ಆನ್‌ಲೈನ್ ವ್ಯವಸ್ಥೆಗಳನ್ನು ನಲವತ್ತು ದಿನ ಪ್ರಯೋಗ ಮಾಡಿ ನೋಡಿ ಎಂದು ಕಳಿಸಿದಾಗ, ನಮ್ಮ ಮುಖ್ಯಸ್ಥರು ಫೈಲನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ಅವರಿಗೆ ನಾವು ಇಟ್ಟ ಹೆಸರು ‘ನೋಡೋಣ ಸಾರ್’. ಕಿಟಕಿ ತೆಗೆಯಲೇ ಎಂದರೂ ಅವರ ಉತ್ತರ ಅದೇ.

“ನೀವೇ ಒಂಚೂರು ಗಮನಿಸಿಕೊಳ್ಳಿ ಮೇಡಂ. ನನಗೆ ಇದನ್ನೆಲ್ಲ ಕಂಡ್ರೆ ಕೈಕಾಲೇ ಆಡಲ್ಲ.”

“ಕೈಕಾಲು ಬೇಡ ಸಾರ್, ಒಂದು ಬೆರಳು ಸಾಕು,” ಎಂದು ಫೈಲು ಎತ್ತಿಕೊಂಡೆ.

ಮೊದಲನೆಯದು ‘ಕೇಳಿ ನೋಡಿ’ ಎಂಬ ಪ್ರಶ್ನೆಪೆಟ್ಟಿಗೆ. ಓದುಗರು ಮನೆಯಿಂದಲೇ ಏನು ಬೇಕಾದರೂ ಕೇಳಬಹುದು, ಹೆಸರು ಹೇಳಬೇಕಾಗಿಲ್ಲ, ಫೋನ್ ಸಂಖ್ಯೆ ಕೊಟ್ಟರೆ ಸಾಕು. ಪರದೆ ತೆರೆದಾಗ ನಮಗೆ ಕಾಣುವುದು ಪ್ರಶ್ನೆಯ ಸಂಖ್ಯೆ ಮಾತ್ರ. ಎರಡನೆಯದು, ಆ ಪ್ರಶ್ನೆ ಓದಿ ತಾನೇ ಒಂದು ಕರಡು ಉತ್ತರ ಬರೆದುಕೊಡುವ ಯಂತ್ರ. ಅದನ್ನು ತಿದ್ದಿ ಕಳಿಸುವುದು ನಮ್ಮ ಕೆಲಸ. ಮೂರನೆಯದು ಹೊರಗೋಡೆಗೆ ಕೂರಿಸಿದ ಕಬ್ಬಿಣದ ಗೂಡುಗಳ ಸಾಲು. ಕೇಳಿದ ಪುಸ್ತಕವನ್ನು ನಾವು ಒಂದು ಗೂಡಿನಲ್ಲಿಟ್ಟರೆ ಓದುಗರ ಫೋನಿಗೆ ಗುಟ್ಟಿನ ಸಂಖ್ಯೆ ಹೋಗುತ್ತದೆ. ಅವರು ಬಂದು, ಸಂಖ್ಯೆ ಒತ್ತಿ, ಒಳಗೆ ಕಾಲಿಡದೆ ಪುಸ್ತಕ ತೆಗೆದುಕೊಂಡು ಹೋಗಬಹುದು. ಪ್ರಯೋಗದ ದಿನಗಳಲ್ಲಿ ಸದಸ್ಯತ್ವದ ಕಾರ್ಡೂ ಬೇಕಿಲ್ಲ.

ಮೂರೇ ದಿನಕ್ಕೆ ಮೂರೂ ನನ್ನ ಹಿಡಿತಕ್ಕೆ ಬಂದವು. ಕರಡು ಬರೆಯುವ ಯಂತ್ರ ಮಾತ್ರ ಆಗಾಗ ಅಡ್ಡದಾರಿ ಹಿಡಿಯುತ್ತಿತ್ತು. ಬೆಕ್ಕು ಸೋಫಾ ಪರಚುವುದನ್ನು ಬಿಡಿಸುವುದು ಹೇಗೆ ಎಂದು ಒಬ್ಬರು ಕೇಳಿದರೆ, ಅದು ಸೋಫಾ ಹೊಲಿಯುವ ಪುಸ್ತಕ ಸೂಚಿಸಿತು. ಪರವಾಗಿಲ್ಲ ಎಂದುಕೊಂಡೆ. ನನ್ನ ಗಂಡನಿಗಿಂತ ವಾಸಿ, ಅವರು ಪ್ರಶ್ನೆಯನ್ನೇ ಕೇಳಿಸಿಕೊಳ್ಳುವುದಿಲ್ಲ.

ಎರಡನೇ ವಾರದ ಸೋಮವಾರ ಬೆಳಿಗ್ಗೆ ನಲವತ್ತೇಳನೆಯ ಪ್ರಶ್ನೆ ಬಂತು.

‘ಥೈರಾಯ್ಡ್ ಗಡ್ಡೆಯ ಆಪರೇಷನ್ ಆದರೆ ದನಿ ಹೋಗುತ್ತದೆಯೇ? ಹೋದರೆ ವಾಪಸ್ ಬರುತ್ತದೆಯೇ? ಸುಲಭವಾಗಿ ಅರ್ಥವಾಗುವ ಪುಸ್ತಕ ಇದ್ದರೆ ಹೇಳಿ. ಹಾಗೆಯೇ ಆಸ್ಪತ್ರೆಯಲ್ಲಿ ಓದಲು ಒಂದು ದಪ್ಪ ಕಾದಂಬರಿ ಬೇಕು. ಕೊನೆಯಲ್ಲಿ ಯಾರೂ ಸಾಯಬಾರದು. ನಾಯಿ ಕೂಡ.’

ಕೊನೆಯ ಎರಡು ಪದಗಳನ್ನು ಮತ್ತೊಮ್ಮೆ ಓದಿದೆ. ನಾಯಿ ಕೂಡ ಸಾಯಬಾರದು ಎಂದು ಷರತ್ತು ಹಾಕಿ ಪುಸ್ತಕ ಕೇಳುವವಳು ನನಗೆ ಗೊತ್ತಿದ್ದ ಹಾಗೆ ಒಬ್ಬಳೇ. ನನ್ನ ತಂಗಿ.

ಚಿಕ್ಕವರಿದ್ದಾಗ ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಕಥೆ ಓದುತ್ತಿದ್ದೆವು. ಓದುವವಳು ನಾನು, ಕೇಳುವವಳು ಅವಳು. ಮೊದಲು ಕೊನೆಯ ಪುಟ ನೋಡಿ ಯಾರೂ ಸಾಯುವುದಿಲ್ಲ ಎಂದು ನಾನು ಭರವಸೆ ಕೊಟ್ಟರಷ್ಟೇ ಆರಂಭಿಸಲು ಬಿಡುತ್ತಿದ್ದಳು. ಒಮ್ಮೆ ಗಿಳಿಯ ವಿಷಯದಲ್ಲಿ ಸುಳ್ಳು ಹೇಳಿಬಿಟ್ಟೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈ ಸಲ ಮಾತಾಡದೆ ಆರು ವರ್ಷವಾಗಿತ್ತು.

ಅದಕ್ಕೆ ಕಾರಣ ನಮ್ಮ ಕೆಲಸದ ಒಂದು ಕಟ್ಟಳೆ. ಓದುಗರು ಏನು ಓದುತ್ತಾರೆ, ಏನು ಕೇಳುತ್ತಾರೆ ಎಂಬುದು ಕೌಂಟರ್ ದಾಟಬಾರದು. ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಕಲಿಸಿದ್ದು ಅದನ್ನೇ. ಹೆಂಡತಿ ಯಾವ ಪುಸ್ತಕ ಒಯ್ದಿದ್ದಾಳೆ ಎಂದು ಕೇಳಲು ಬಂದ ಗಂಡಂದಿರನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಕಳಿಸಿದವಳು ನಾನು. ನನ್ನ ತಂಗಿ, ಗಂಡ ತೀರಿಕೊಂಡ ಮೇಲೆ, ಒಬ್ಬಳೇ ಮಗಳನ್ನು ಒಬ್ಬಳೇ ಬೆಳೆಸಿದಳು. ಆ ಹುಡುಗಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ವರ್ಷವಿಡೀ ನನ್ನ ಕೈಯಿಂದ ಒಯ್ದದ್ದು ಹಡಗಿನ ಎಂಜಿನ್ನುಗಳ ಪುಸ್ತಕ. ಮನೆಯಲ್ಲಿ ಹೇಳಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ ಎಂದು. ಒಂದು ಬೆಳಿಗ್ಗೆ ಮೇಜಿನ ಮೇಲೆ ಚೀಟಿ ಬರೆದಿಟ್ಟು, ದೂರದ ಬಂದರಿನಲ್ಲಿದ್ದ ಹಡಗಿನ ತರಬೇತಿ ಶಾಲೆಗೆ ಹೊರಟುಹೋದಳು.

ಆ ಸಂಜೆ ತಂಗಿ ಕೌಂಟರಿಗೆ ಬಂದಳು.

“ನಿನಗೆ ಗೊತ್ತಿತ್ತಾ ಅಕ್ಕ?”

“ಎಲ್ಲಿಗೆ ಹೋಗ್ತಾಳೆ ಅಂತ ಗೊತ್ತಿರ್ಲಿಲ್ಲ. ಏನು ಓದ್ತಾಳೆ ಅಂತ ಗೊತ್ತಿತ್ತು.”

“ನನಗ್ಯಾಕೆ ಹೇಳ್ಲಿಲ್ಲ? ನಾನೇನು ದಾರೀಲಿ ಹೋಗೋಳಾ?”

“ಇಲ್ಲಿ ಬಂದು ನಿಂತ ಮೇಲೆ ಎಲ್ಲರೂ ನನಗೆ ಓದುಗರೇ,” ಎಂದೆ.

ಕಟ್ಟಳೆ ಸರಿ ಎಂದು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಆದರೆ ಅತ್ತು ಊದಿದ ಮುಖಕ್ಕೆ ಆ ಮಾತು ಹೇಳಬಾರದಿತ್ತು. ಅವಳು ತನ್ನ ಸದಸ್ಯತ್ವದ ಕಾರ್ಡನ್ನು ಕೌಂಟರಿನ ಮೇಲಿಟ್ಟು ಹೋದಳು. ಹುಡುಗಿ ಈಗ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾಳೆ, ವರ್ಷ ತುಂಬುವುದರೊಳಗೆ ತಾಯಿ ಮಗಳು ರಾಜಿಯಾದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ತಾಯಿ ಮಗಳ ಜಗಳದಲ್ಲಿ ದೊಡ್ಡಮ್ಮನಾದ ನಾನು ಬಡವಾದೆ. ನಾಲ್ಕು ಬಸ್ ಸ್ಟಾಪಿನಾಚೆ ಅವಳ ಮನೆ, ನಾನೂ ಹೋಗಲಿಲ್ಲ.

ಈಗ ಅವಳು ಬಂದಿದ್ದಳು. ನನ್ನ ಮುಖ ನೋಡುವ ಅಗತ್ಯವಿಲ್ಲದ ಬಾಗಿಲೊಂದನ್ನು ನಾನೇ ತೆರೆದಿಟ್ಟಿದ್ದೆ, ಅದರಿಂದ ಬಂದಿದ್ದಳು.

ಯಂತ್ರದ ಕರಡು ನೋಡಿದೆ. ‘ಹೃದಯ ತಟ್ಟುವ ಕುಟುಂಬದ ಕಥೆ, ಆರುನೂರ ನಲವತ್ತು ಪುಟ’ ಎಂದು ಒಂದು ಕಾದಂಬರಿ ಸೂಚಿಸಿತ್ತು. ಆ ಕಾದಂಬರಿ ನಾನು ಓದಿದ್ದೇನೆ. ಕೊನೆಗೆ ಅಜ್ಜ ಸಾಯುತ್ತಾನೆ, ಅಜ್ಜನ ಹಿಂದೆಯೇ ನಾಯಿ. ಪುಸ್ತಕದ ಬೆನ್ನಿನ ಮೇಲೆ ಅದನ್ನು ಯಾರೂ ಅಚ್ಚು ಹಾಕುವುದಿಲ್ಲವಲ್ಲ, ಪಾಪ, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಇಡೀ ಕರಡು ಅಳಿಸಿ ನಾನೇ ಬರೆದೆ. ರೋಗಿಗಳಿಗಾಗಿ ವೈದ್ಯರೇ ಬರೆದ ಪುಸ್ತಕವೊಂದಿದೆ, ಆರನೇ ಅಧ್ಯಾಯ ನೋಡಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ದನಿ ಮರಳುತ್ತದೆ, ಅಪರೂಪಕ್ಕೆ ಕೆಲವರಿಗೆ ಮರಳುವುದಿಲ್ಲ ಎಂದು ಅದರಲ್ಲಿದೆ, ನಿಮ್ಮ ವೈದ್ಯರನ್ನು ತಪ್ಪದೆ ಕೇಳಿ. ಕಾದಂಬರಿಗೆ, ಐನೂರು ಪುಟಗಳ ಒಂದು ನಗೆಯ ಕಥೆ. ನಾಯಿ ಕೊನೆಯವರೆಗೂ ಬದುಕಿ ಮರಿಯನ್ನೂ ಹಾಕುತ್ತದೆ. ‘ಕೊನೆಯ ಪುಟ ನೋಡಿಯೇ ಹೇಳುತ್ತಿದ್ದೇನೆ’ ಎಂದು ಸೇರಿಸಿದೆ. ಆಮೇಲೆ ಅಳಿಸಿದೆ. ಅದು ನೀನು ಯಾರೆಂದು ನನಗೆ ಗೊತ್ತು ಎಂದು ಹೇಳಿದ ಹಾಗಾಗುತ್ತಿತ್ತು.

ಹತ್ತು ನಿಮಿಷಕ್ಕೆ ಮರುಮಾತು ಬಂತು. ‘ಎರಡೂ ಪುಸ್ತಕ ಗೂಡಿನಲ್ಲಿಡಿ. ಆಪರೇಷನ್ ಗುರುವಾರ, ಮಂಗಳವಾರ ಒಯ್ಯುತ್ತೇನೆ. ಇಷ್ಟು ಬೇಗ ಉತ್ತರಿಸಿದ ಯಂತ್ರಕ್ಕೆ ಧನ್ಯವಾದ.’

ಯಂತ್ರಕ್ಕೆ! ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿದ್ದ ಮುದ್ರೆಯನ್ನು ಖಾಲಿ ಹಾಳೆಯ ಮೇಲೆ ನಾಲ್ಕು ಸಲ ಕುಟ್ಟಿದೆ. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಗುರುವಾರದ ಮೇಲೆ ಆ ದನಿ ಇರುತ್ತದೋ ಇಲ್ಲವೋ. ನಾನು ಕೊನೆಯ ಸಲ ಕೇಳಿದ್ದು ಅದು ‘ದಾರೀಲಿ ಹೋಗೋಳಾ’ ಎಂದು ಕೇಳಿದ್ದನ್ನು.

ಸಿಬ್ಬಂದಿಯ ಪುಟದಲ್ಲಿ ಒಂದು ಬಾಣದ ಗುರುತಿದೆ, ಒತ್ತಿದರೆ ಕೇಳಿದವರ ಫೋನ್ ಸಂಖ್ಯೆ ಕಾಣುತ್ತದೆ. ಒತ್ತಲಿಲ್ಲ. ನೇರವಾಗಿ ಮನೆಗೇ ಹೋಗಬಹುದಿತ್ತು. ಹೋದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ಏನೆಂದು ಹೇಳಲಿ? ಮಗಳ ಗುಟ್ಟನ್ನು ನಿನ್ನಿಂದ ಕಾಪಾಡಿದೆ, ನಿನ್ನ ಗುಟ್ಟನ್ನು ನನ್ನಿಂದ ಕಾಪಾಡಲಾಗಲಿಲ್ಲ ಎಂದೇ? ಹಾಗಾದರೆ ಆರು ವರ್ಷ ಇಬ್ಬರೂ ನೊಂದದ್ದು ಯಾವ ಪುರುಷಾರ್ಥಕ್ಕೆ? ಊಟಕ್ಕೆ ಕೂತಾಗ ಗಂಡ, “ಏನಾಯ್ತು?” ಎಂದರು. “ಏನಿಲ್ಲ, ಲೈಬ್ರರಿ ವಿಷಯ,” ಎಂದೆ. ಆ ಉತ್ತರದ ಮೇಲೆ ಪ್ರಶ್ನೆ ಕೇಳಬಾರದೆಂದು ಅವರು ಎಂದೋ ಕಲಿತಿದ್ದಾರೆ. ಲೋಟಕ್ಕೆ ನೀರು ತುಂಬಿಸಿಕೊಟ್ಟರು.

ಮಂಗಳವಾರ ಬೆಳಿಗ್ಗೆ ಪ್ರಶ್ನೆಪೆಟ್ಟಿಗೆಯ ಆಯ್ಕೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದೆ. ಹದಿಮೂರನೆಯ ಸಾಲಿನಲ್ಲಿ, ‘ಉತ್ತರಿಸಿದವರ ಹೆಸರು: ತೋರಿಸು, ಮರೆಮಾಡು’ ಎಂದಿತ್ತು. ಮರೆಮಾಡು ಎಂಬುದಕ್ಕೆ ಗುರುತು ಬಿದ್ದಿತ್ತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕಟ್ಟಳೆ ಇರುವುದು ಓದುಗರನ್ನು ಮರೆಯಲ್ಲಿಡಲು. ಒಳಗೆ ಕೂತವಳೂ ಅಡಗಿ ಕೂರಬೇಕೆಂದು ಯಾರೂ ನನಗೆ ಹೇಳಿಲ್ಲ! ಅವಳು ಯಾರೆಂದು ನಾನು ಹೇಳಬಾರದು, ಸರಿ. ನಾನು ಯಾರೆಂದು ಹೇಳಬಹುದು.

ನೋಡೋಣ ಸಾರ್ ಕೋಣೆಗೆ ಹೋದೆ. “ಉತ್ತರದ ಕೆಳಗೆ ಉತ್ತರ ಕೊಟ್ಟವರ ಹೆಸರಿರಬೇಕು ಸಾರ್.”

“ನೋಡೋಣ...”

“ನೋಡಿ ಆಯ್ತು. ಸಂಬಳ ತಗೊಳ್ತಿರೋದು ನಾನು, ಜನ ಯಂತ್ರಕ್ಕೆ ಧನ್ಯವಾದ ಹೇಳ್ತಿದಾರೆ.”

“ತಪ್ಪಾದ್ರೆ ನಿಮ್ಮ ತಲೆಗೇ ಬರುತ್ತಲ್ಲ ಮೇಡಂ?”

“ಬರ್ಲಿ ಸಾರ್. ಆಗ ಯಾರನ್ನ ಕೇಳ್ಬೇಕು ಅಂತಾದ್ರೂ ಗೊತ್ತಿರುತ್ತೆ.”

ಅವರು ನನ್ನ ಮುಖ ನೋಡಿ, ಈ ಹೆಂಗಸು ಹೇಗೂ ಬಿಡುವವಳಲ್ಲ ಎಂದು ತಲೆಯಾಡಿಸಿದರು. ತೋರಿಸು ಎಂದು ಒತ್ತಿದೆ. ಅಲ್ಲಿಯವರೆಗೆ ಕೊಟ್ಟ ಐವತ್ತಮೂರು ಉತ್ತರಗಳ ಕೆಳಗೂ ನನ್ನ ಪೂರ್ತಿ ಹೆಸರು ಮೂಡಿತು. ಕೇಳಿದ ಎಲ್ಲರಿಗೂ, ನಿಮ್ಮ ಉತ್ತರದಲ್ಲಿ ಬದಲಾವಣೆಯಾಗಿದೆ ನೋಡಿ ಎಂದು ತಾನಾಗಿಯೇ ಸಂದೇಶ ಹೋಯಿತು. ಸೋಫಾ ಪರಚುವ ಬೆಕ್ಕಿನವರಿಗೂ ಹೋಯಿತು.

ಎರಡು ಪುಸ್ತಕಗಳನ್ನು ಒಂಬತ್ತನೇ ಗೂಡಿನಲ್ಲಿಟ್ಟು, ಇಡೀ ದಿನ ಕಿಟಕಿಗೆ ಬೆನ್ನು ಹಾಕಿ ಕೂತೆ. ಯಾರು ಬಂದು ಒಯ್ಯುತ್ತಾರೆಂದು ನಾನು ನೋಡಬಾರದು. ಬಾಗಿಲು ಮುಚ್ಚುವ ಹೊತ್ತಿಗೆ ಹೋಗಿ ತೆರೆದು ನೋಡಿದರೆ, ಪುಸ್ತಕಗಳು ಅಲ್ಲೇ ಇದ್ದವು.

ನನ್ನ ಜಂಭವೆಲ್ಲ ಇಳಿದುಹೋಯಿತು. ನನ್ನ ಹೆಸರು ನೋಡಿಯೇ ಅವಳು ಬರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಓದಲು ಸಿಗುತ್ತಿದ್ದ ಎರಡು ಪುಸ್ತಕವನ್ನೂ ಅವಳ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಅತಿ ಬುದ್ಧಿವಂತಿಕೆ ಮಾಡಲು ಹೋದೆ ಎಂದು ನನ್ನನ್ನೇ ಬೈದುಕೊಂಡು, ಕಪಾಟುಗಳ ನಡುವೆ ನಿಂತು ಅತ್ತೆ. ಗುರುವಾರದವರೆಗಾದರೂ ಇರಲಿ ಎಂದು ಪುಸ್ತಕಗಳನ್ನು ಗೂಡಿನಲ್ಲೇ ಬಿಟ್ಟೆ.

ಬುಧವಾರ ಹನ್ನೊಂದು ಗಂಟೆ. ಕೌಂಟರಿನ ಮುಂದೆ ಆರೇಳು ಜನರ ಸಾಲಿತ್ತು. ತಲೆ ಎತ್ತದೆ ಪುಸ್ತಕ ವಾಪಸ್ ಪಡೆಯುತ್ತಿದ್ದೆ. “ಮುಂದಿನವರು ಬನ್ನಿ,” ಎಂದೆ. ಯಾರೂ ಪುಸ್ತಕ ಇಡಲಿಲ್ಲ. ತಲೆ ಎತ್ತಿದರೆ ತಂಗಿ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕತ್ತಿನ ಸುತ್ತ ನೀಲಿ ಬಟ್ಟೆ ಸುತ್ತಿಕೊಂಡಿದ್ದಳು.

“ಕಂಪ್ಯೂಟರ್ ಬಂದಾಗ ಸಾವಿರದ ಇನ್ನೂರು ಪುಸ್ತಕ ತೋಟಕ್ಕೆ ಕಳಿಸ್ದೋಳು ನೀನು. ನೀನೇ ಉತ್ತರ ಬರೀತೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು?” ಎಂದಳು.

ನಾನು ಕೈಯಲ್ಲಿದ್ದ ಪುಸ್ತಕ ಬಿಟ್ಟು ಎದ್ದು ನಿಂತೆ.

“ನೀನೇನೂ ಹೇಳ್ಬೇಡ. ನಾಳೆ ನನ್ನ ಗಂಟಲು ಕೊಯ್ತಾರೆ. ಆಮೇಲೆ ದನಿ ಇರುತ್ತೋ ಇಲ್ವೋ, ಡಾಕ್ಟ್ರೇ ಗ್ಯಾರಂಟಿ ಕೊಡ್ತಿಲ್ಲ. ಅದಕ್ಕೇ ಇರೋವಾಗ್ಲೇ ನಿನ್ನ ಬೈದು ಹೋಗೋಣ ಅಂತ ಬಂದೆ.”

ಬೈದಳು. ಸಾಲಿನಲ್ಲಿದ್ದವರು ಮೆಲ್ಲಗೆ ಪಕ್ಕಕ್ಕೆ ಸರಿದರು, ಹೋಗಲಂತೂ ಇಲ್ಲ. ಓದುವ ಮೇಜಿನ ಮೇಲಿಂದ ತಲೆಗಳೆದ್ದವು. ಏನೇನು ಬೈದಳೆಂದು ಬರೆಯಲು ಅವಳ ಅಪ್ಪಣೆ ಪಡೆದಿದ್ದೇನೆ, ಆದರೂ ಎಲ್ಲವನ್ನೂ ಬರೆಯಲಾರೆ. ಒಂದು ಮಾತು ಮಾತ್ರ ನೇರವಾಗಿ ಎದೆಗೆ ಬಂದು ನಾಟಿತು.

“ನೀನು ಮಾಡಿದ್ದು ಸರಿ ಅಂತ ನನಗೆ ಮೂರನೇ ತಿಂಗಳಿಗೇ ಗೊತ್ತಾಯ್ತು ಕಣೆ. ಅವಳ ಮೊದಲ್ನೇ ಫೋಟೋ ಬಂತಲ್ಲ, ಮುಖದ ತುಂಬಾ ಗ್ರೀಸು, ಅಷ್ಟಗಲ ನಗು, ಅವತ್ತೇ ಗೊತ್ತಾಯ್ತು. ತಪ್ಪು ಮಾಡ್ದೋಳು ನಾನು, ಬರೋಕೆ ನಾಚಿಕೆ. ನಿನಗೇನಾಗಿತ್ತು? ಸರಿ ಇರೋರು ಬಂದು ಬಾಗಿಲು ತಟ್ಟಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?”

ಇರಲಿಲ್ಲ. ಎಲ್ಲಿಯೂ ಬರೆದಿರಲಿಲ್ಲ. ನಾನು ಸರಿ, ನಾನು ಸರಿ ಎಂದುಕೊಂಡು ನಾಲ್ಕು ಬಸ್ ಸ್ಟಾಪಿನ ದೂರದಲ್ಲಿ ಆರು ವರ್ಷ ಕೂತಿದ್ದೆ.

ಗದ್ದಲ ಕೇಳಿ ನೋಡೋಣ ಸಾರ್ ಹೊರಗೆ ಬಂದರು. “ಮೇಡಂ, ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳಿ...”

“ಹೇಳಲ್ಲ ಸಾರ್,” ಎಂದೆ. “ಇವಳು ಎಷ್ಟು ಜೋರಾಗಿ ಬೇಕಾದ್ರೂ ಮಾತಾಡ್ಲಿ. ನನಗೆ ಇವತ್ತೂ ನಾಳೆಯೂ ರಜೆ ಬೇಕು.”

ಅವರು ಬಾಯಿ ತೆರೆದರು. ಮೊದಲ ಬಾರಿಗೆ ‘ನೋಡೋಣ’ ಎನ್ನಲಿಲ್ಲ. “ಹೋಗ್ಬನ್ನಿ,” ಎಂದು ನನ್ನ ಕುರ್ಚಿಯಲ್ಲಿ ಕೂತು, ಮುಂದಿದ್ದವರ ಪುಸ್ತಕಕ್ಕೆ ಕೈ ಚಾಚಿದರು.

ನಾವಿಬ್ಬರೂ ಮೆಟ್ಟಿಲಿಳಿದು ಹೊರಗೆ ಬಂದೆವು. ಅವಳು ಸಂಖ್ಯೆ ಒತ್ತಿ ಒಂಬತ್ತನೇ ಗೂಡಿನ ಎರಡೂ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡಳು. ನಾನು ಅವಳ ಚೀಲ ಹಿಡಿದುಕೊಂಡೆ, ಅವಳು ನನ್ನ ತೋಳು ಹಿಡಿದುಕೊಂಡಳು. ಬಸ್ ಬಂದರೂ ಹತ್ತಲಿಲ್ಲ, ಅವಳ ಮನೆಯವರೆಗೂ ನಡೆದೆವು. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದಳು. ಮನೆಯ ಬೀಗ ತೆಗೆಯುವಾಗಲೂ ಬೈದಳು, ಆಸ್ಪತ್ರೆಗೆ ಬಟ್ಟೆ ಜೋಡಿಸುವಾಗಲೂ ಬೈದಳು. ನಾನು ಒಂದು ಮಾತಿಗೂ ಅಡ್ಡ ಬರಲಿಲ್ಲ. ಸಂಜೆಯಾದರೂ ನನಗೆ ಆ ದನಿ ಸಾಕಾಗಿರಲಿಲ್ಲ.