ಬ್ಯಾಟರಿಗೆ ಎರಡು ಮಾರ್ಕು

"ಇದು ಬ್ಯಾಟ್ರಿ ಅಲ್ದಿದ್ರೆ ಇನ್ನೇನು ಅಂತ ನೀವೇ ಹೇಳ್ಬುಡಿ ಮೇಡಮ್ನೋರೆ, ನಾನು ಸುಮ್ಕೆ ಬಸ್ಸತ್ತಿ ಹೋಯ್ತೀನಿ," ಎಂದ ತಮ್ಮಯ್ಯ, ಉತ್ತರಪತ್ರಿಕೆಯ ಮೇಲಿನ ಚಿತ್ರಕ್ಕೆ ಬೆರಳು ಊರಿ.

ಮೇಧಿನಿ ಚಿತ್ರ ನೋಡುವ ಗೋಜಿಗೇ ಹೋಗಲಿಲ್ಲ. ಅದನ್ನು ಬಿಡಿಸಿದವಳೇ ಅವಳು. ಅರಸೀಕೆರೆಯ ಈ ವಸತಿಶಾಲೆಯ ಆರನೇ ತರಗತಿಗೆ ಹೆಣ್ಣುಮಕ್ಕಳನ್ನು ಆರಿಸುವ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ತೆಗೆದದ್ದೂ ಅವಳೇ, ತಿದ್ದಿದ್ದೂ ಅವಳೇ. 'ಚಿತ್ರ ನೋಡಿ ಹೆಸರು ಬರೆಯಿರಿ' ಅಂತ ಐದು ಬೆಳಕು ಕೊಟ್ಟಿದ್ದಳು: ಹಣತೆ, ಲಾಂದ್ರ, ಪಂಜು, ಟಾರ್ಚು, ಟ್ಯೂಬ್‌ಲೈಟು. ಒಂದೊಂದಕ್ಕೆ ಎರಡು ಮಾರ್ಕು. ತಮ್ಮಯ್ಯನ ಮಗಳು ಮಂಜುಳಾ ಟಾರ್ಚಿನ ಕೆಳಗೆ ದುಂಡಗೆ 'ಬ್ಯಾಟರಿ' ಅಂತ ಬರೆದು ನಲವತ್ತೆರಡಕ್ಕೆ ನಿಂತಿದ್ದಳು. ಸೀಟು ಇದ್ದದ್ದು ಹನ್ನೆರಡು. ಹನ್ನೆರಡನೆಯವಳು ಅಕ್ಷತಾ, ಅವಳಿಗೆ ನಲವತ್ಮೂರು. ಮೇಲಿನ ಹನ್ನೊಂದು ಮಂದಿಯೂ ನಲವತ್ತೈದು ದಾಟಿದ್ದರು. ಬೆಳಿಗ್ಗೆ ಪಟ್ಟಿ ಅಂಟಿಸಿ, ತಕರಾರಿದ್ದವರು ನಾಲ್ಕು ಗಂಟೆಯೊಳಗೆ ಬರಬಹುದು ಅಂತ ಕೆಳಗೆ ಬರೆದಿದ್ದರು. ಬಂದವನು ತಮ್ಮಯ್ಯ ಒಬ್ಬನೇ.

"ಬ್ಯಾಟರಿ ಅಂದ್ರೆ ಒಳಗೆ ಹಾಕ್ತೀವಲ್ಲ, ಅದು."

"ಅದು ಶೆಲ್ಲು."

"ಸ್ಕೂಲಲ್ಲಿ ಟಾರ್ಚ್ ಅಂತ ಹೇಳ್ಕೊಟ್ಟಿರ್ತಾರೆ."

"ಟಾರ್ಚರ್ ಗೊತ್ತು. ಮನೇಲಿ ನಮ್ಮವ್ಳು ದಿನಾ ಕೊಡ್ತಾಳೆ."

ಮೂಲೆಯ ಮೇಜಿನಲ್ಲಿ ಕೂತಿದ್ದ ಶಾಲೆಯ ಕಾರ್ಯದರ್ಶಿ ಏಕಾಂತಯ್ಯನವರು ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಕೊಬ್ಬರಿ ಮಂಡಿ ಬಿಟ್ಟು ಬಂದಿದ್ದವರು, ಗಡಿಯಾರ ನೋಡುತ್ತ ಸಹಿಗೆ ಪೆನ್ನು ತೆರೆದುಕೊಂಡೇ ಇದ್ದರು.

ತಮ್ಮಯ್ಯನಿಗೆ ನಗು ಬರಲಿಲ್ಲ. ಜಾವಗಲ್ ಹತ್ತಿರ ಯಾರದೋ ತೆಂಗಿನ ತೋಟ ಕಾಯುತ್ತ ತೋಟದ ಮನೆಯಲ್ಲೇ ಇದ್ದಾನಂತೆ. ಹೊತ್ತಲ್ಲದ ಹೊತ್ತಿನಲ್ಲಿ ತ್ರೀ ಫೇಸ್ ಕರೆಂಟು ಬಂದರೆ ಮೋಟರು ಹಾಕಲು ಎದ್ದು ಹೋಗಬೇಕು. ಮೊಳೆಗೆ ನೇತುಹಾಕಿದ ಬ್ಯಾಟರಿ ತೆಗೆದು ಕೈಗೆ ಕೊಡುವವಳು ಮಂಜುಳಾನೇ. ಈಗ ತೋಟ ಕೈ ಬದಲಾಗಿದೆ. ಜೂನಿಗೆ ಇನ್ನೊಂದು ತೋಟ, ಇನ್ನೊಂದು ಊರು. ನಾಲ್ಕು ಸ್ಕೂಲು ಆಗಿಹೋದವು ಆ ಮಗುವಿಗೆ. ಮುಂದಿನ ಊರಲ್ಲಿ ಐದನೇ ಕ್ಲಾಸಿಗೇ ಸ್ಕೂಲು ಮುಗಿಯುತ್ತದೆ. ಇದನ್ನೆಲ್ಲ ಅವನು ಬೇಡುವವನಂತೆ ಹೇಳಲಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವಂತೆ ಹೇಳಿದ.

ಮೇಧಿನಿ ಎದ್ದಳು, ಕಿಟಕಿಯವರೆಗೆ ಹೋದಳು, ಬಂದು ಕೂತಳು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಪಂಜಿಗೆ ಯಾವಳೋ ಹುಡುಗಿ 'ದೀವಟಿಗೆ' ಅಂತ ಬರೆದಿದ್ದಳು. ಬೇಲೂರಿನಲ್ಲಿ ದೇವಸ್ಥಾನದ ಕೈಂಕರ್ಯದಲ್ಲಿರುವ ಮೇಧಿನಿಯ ಅಪ್ಪ ವಿಜಯಸಾರಥಿ ಆಡುವ ಮಾತು ಅದು. ಖುಷಿಯಾಗಿ ಎರಡು ಮಾರ್ಕಿನ ಪಕ್ಕ 'ಭೇಷ್' ಅಂತಲೂ ಬರೆದಿದ್ದಳು. ಲಾಟೀನು ಅಂದವರಿಗೂ ಕೊಟ್ಟಿದ್ದಳು. ಟ್ಯೂಬ್‌ಲೈಟಿಗೆ ಒಬ್ಬಳು 'ದೊಣ್ಣೆ ಲೈಟು' ಅಂದಿದ್ದಕ್ಕೆ ನಕ್ಕು ಅರ್ಧ ಕೊಟ್ಟಿದ್ದಳು. ಬ್ಯಾಟರಿಗೆ ಮಾತ್ರ ಕೈ ತಾನಾಗಿ ಅಡ್ಡಗೀಟು ಎಳೆದಿತ್ತು. ಯಾಕೆ ಅಂತ ಆಗ ಕೇಳಿಕೊಂಡಿರಲಿಲ್ಲ.

"ಸರ್, ಬ್ಯಾಟರಿ ಅಂದವರಿಗೆಲ್ಲ ಮಾರ್ಕು ಕೊಡಬೇಕು."

ಏಕಾಂತಯ್ಯನವರು ಪೆನ್ನು ಕೆಳಗಿಟ್ಟರು. ಅಕ್ಷತಾಳ ತಂದೆಗೆ ಬೆಳಿಗ್ಗೆಯೇ ತಾವೇ ಫೋನ್ ಮಾಡಿ ಹೇಳಿಬಿಟ್ಟಿದ್ದಾರಂತೆ, ಅವರು ಟ್ರಂಕು ಕೊಳ್ಳಲೂ ಹೊರಟಿರಬಹುದಂತೆ. ಹಿಂಗೆ ಒಬ್ಬೊಬ್ಬರ ಮನೆಮಾತಿಗೆ ಮಾರ್ಕು ಕೊಡುತ್ತ ಹೋದರೆ ನಿಘಂಟು ಯಾತಕ್ಕೆ ಅಂತ ಕೇಳಿದರು.

"ತಪ್ಪು ಮಕ್ಕಳದಲ್ಲ ಸರ್. ನಂದು."

ಅವರು ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು. "ಮಾಡಮ್ಮ. ಬಯ್ಯಿಸಿಕೊಳ್ಳೋನು ನಾನಿದೀನಲ್ಲ."

ಹಾಳೆ ಮಗುಚುತ್ತ ಹೋದಳು. ಬ್ಯಾಟರಿಗಳು ಒಂಬತ್ತು ಸಿಕ್ಕವು. ಮಂಜುಳಾಗೆ ನಲವತ್ನಾಕಾಯಿತು. ತಲೆಕೆಳಗಾಗಿಯೇ ಅಂಕಿ ಓದಿಕೊಂಡ ತಮ್ಮಯ್ಯ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಉಳಿದವರಲ್ಲಿ ಹೆಚ್ಚಿನವರು ನಲವತ್ತರ ಹತ್ತಿರವೂ ಬರಲಿಲ್ಲ. ಎಂಟನೆಯದು ಗೆಂಡೆಹಳ್ಳಿಯ ಪ್ರತಿಮಾಳದು. ನಲವತ್ತೆರಡು, ಎರಡು ಸೇರಿಸಿದರೆ ನಲವತ್ನಾಕು.

ಮೇಧಿನಿಯ ಕೈ ಅಲ್ಲೇ ನಿಂತಿತು. ಇರುವುದು ಒಂದೇ ಸೀಟು, ಸರಿಸಮ ಬಂದರೆ ದೂರದೂರಿನ ಮಗುವಿಗೆ ಮೊದಲು. ನಿಯಮ ಅರ್ಜಿಯಲ್ಲೇ ಅಚ್ಚಾಗಿದೆ. ಜಾವಗಲ್ಲಿಗಿಂತ ಗೆಂಡೆಹಳ್ಳಿ ದೂರ. ಅಲ್ಲಿಂದ ಯಾರೂ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಗಂಟೆ ನಾಲ್ಕಾಗಲು ಹತ್ತು ನಿಮಿಷ. ಈ ಹಾಳೆಯನ್ನು ಹಾಗೇ ಕಟ್ಟಿನೊಳಗೆ ಸರಿಸಿದರೆ ಕೇಳುವವರಿಲ್ಲ. ಏಕಾಂತಯ್ಯನವರು ಕಿಟಕಿಯ ಕಡೆ ನೋಡುತ್ತಿದ್ದರು. ಎದುರಿಗೆ ತಮ್ಮಯ್ಯ ಟವೆಲು ಮಡಚುತ್ತಿದ್ದ, ನಾಲ್ಕು ಮಡಿಕೆ, ಎಂಟು ಮಡಿಕೆ.

ಹಳೆಯ ಅಡ್ಡಗೀಟನ್ನು ಹೊಡೆದುಹಾಕಿ ಎರಡು ಅಂತ ಬರೆದಳು. ಆಮೇಲೆ ಅವನಿಗೆ ವಿಷಯ ಬಿಡಿಸಿ ಹೇಳಿದಳು. ಕಾಯುವವರ ಪಟ್ಟಿಯಲ್ಲಿ ಮಂಜುಳಾಳ ಹೆಸರೇ ಮೊದಲು ಅಂತಲೂ ಸೇರಿಸಿದಳು. ಹೇಳುವಾಗ ಅವಳ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಆ ಮಗೂನೂ ಬ್ಯಾಟ್ರಿ ಅಂತ್ಲೇ ಬರ್ದೈತಾ?"

"ಹೂಂ. ಹಾಗೇ."

ಅವನು ಮಡಚಿದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಅಂದ್ರೆ ಬಸ್ ಚಾರ್ಜ್ ನಂದು, ಸೀಟು ಅವ್ರ್ದು."

ಅವನು ಬಾಗಿಲ ಹತ್ತಿರ ಹೋಗಿ ತಿರುಗಿದ.

"ಅವ್ರಿಗೆ ಇವತ್ತೇ ಫೋನ್ ಮಾಡಿ ಮೇಡಮ್ನೋರೆ. ಗೊತ್ತಿಲ್ದೆ ಬ್ಯಾರೆ ಕಡೆ ಸೇರಿಸ್ಬುಟ್ಟಾರು."

ಜಗಲಿಯ ಬೆಂಚಿನಿಂದ ಮಂಜುಳಾ ಎದ್ದು ನಿಂತದ್ದು ಕಿಟಕಿಯಿಂದ ಕಂಡಿತು. ಅಪ್ಪ ಬಗ್ಗಿ ಏನೋ ಹೇಳಿದ. ಹುಡುಗಿ ಆಫೀಸಿನ ಕಡೆ ಒಮ್ಮೆ ನೋಡಿದಳು. ಅಷ್ಟರಲ್ಲಿ ಗೇಟಿನ ಮುಂದೆ ಜಾವಗಲ್ ಬಸ್ಸು ನಿಧಾನ ಮಾಡಿ, ನಿಲ್ಲುವುದೋ ಬೇಡವೋ ಎಂಬಂತೆ ಹಾರ್ನು ಹೊಡೆಯಿತು. ಇಬ್ಬರೂ ಓಡಿದರು. ಮಂಜುಳಾಳ ಒಂದು ಚಪ್ಪಲಿ ಕಳಚಿ ಹಿಂದೆ ಬಿತ್ತು. ಅವಳು ವಾಪಸು ಬಂದು ಅದನ್ನು ಎತ್ತಿಕೊಂಡು, ಕಾಲಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಬಸ್ಸು ಹತ್ತಿದಳು.